ಒಂದೇ ಮಾತಿನ ಪಾತ್ರ

"ಇಂಥಾ ಗಂಡ ಎಲ್ಲ್ಯಾರ ಇರ್ತಾನೇನು? ಯಾರೂ ನಂಬೂದಿಲ್ಲ ನೋಡು," ಎಂದು ವೆಂಕಣ್ಣ ಕೈಯಲ್ಲಿದ್ದ ಚಿತ್ರಕಥೆಯ ಹಾಳೆಯನ್ನು ಮೇಜಿನ ಮೇಲೆ ಹಾಕಿದ. ಎದುರಿಗೆ ಕೂತಿದ್ದ ಹೆಂಡತಿ ಸುಲಭಾ ಪೆನ್ನಿನ ಟೊಪ್ಪಿಗೆ ತೆಗೆದು ಹಾಕಿ ಮಾಡುತ್ತಿದ್ದಳೇ ಹೊರತು ಏನೂ ಹೇಳಲಿಲ್ಲ. ತನ್ನ ಟೀಕೆ ನಾಟಿತೆಂದು ವೆಂಕಣ್ಣನಿಗೆ ಹುರುಪು ಬಂತು. ಕಾಲೇಜಿನಲ್ಲಿ ಇತಿಹಾಸ ಹೇಳಿ ನಿವೃತ್ತವಾದ ನಾಲಗೆ ಅದು. ಕೇಳುವವರು ಸುಮ್ಮನಾದರೆ ಇನ್ನೊಂದು ತಾಸು ಮಾತಾಡಲು ಪರವಾನಗಿ ಸಿಕ್ಕಿತೆಂದೇ ಅದರ ತಿಳುವಳಿಕೆ. "ಪಾತ್ರದಾಗ ದೋಷ ಇರಬೇಕು, ಒಪ್ಪತೀನಿ. ಸೊಕ್ಕು ಇರಲಿ, ಸಿಟ್ಟು ಇರಲಿ. ಆದರ ಹೆಂಡತೀನ್ನ ಕೆರೀ ದಂಡಿಗೆ ಸ್ಕೂಟರಿನಿಂದ ಇಳಿಸಿ, 'ಭಾಳ ಶಾಣ್ಯಾಕಿ ಇದ್ದಿ, ನಡಕೋತ ಬಾ' ಅಂತ ಬಿಟ್ಟು ಹೋಗೂದಂದ್ರ? ಅದೂ ಆಕೀಗೆ ನಾಟಕಕ್ಕ ಹೊತ್ತಾಗ್ಯದ ಅಂತ ಗೊತ್ತಿದ್ದು? ಇದು ದೋಷ ಅಲ್ಲ, ರಾಕ್ಷಸತನ. ಈ ಪಂಢರಿನಾಥನ್ನ ಮಂದಿ ಥೇಟರಿನಾಗ ಚಪ್ಪಲಿಲೆ ಹೊಡೀತಾರ." ಸುಲಭಾ ಆಗ ತಲೆ ಎತ್ತಿ ಅವನ ಮುಖ ನೋಡಿದಳು. ಕಳೆದುಹೋದ ಕೀಲಿಕೈಯನ್ನು ಇಟ್ಟ ಜಾಗದಲ್ಲೇ ಇನ್ನೊಮ್ಮೆ ಹುಡುಕುವವರು ನೋಡುತ್ತಾರಲ್ಲ, ಹಾಗೆ. "ಇರ್ತಾನ್ರಿ," ಎಂದಳು, ಅಷ್ಟೇ.

ಸುಲಭಾ ಕಿವಿಯಿಂದ ಬರೆಯುವವಳು. ಹರೆಯದಿಂದ ರೇಡಿಯೋ ನಾಟಕಗಳಿಗೆ ಮಾತು ಬರೆದು ಬಂದ ಅಭ್ಯಾಸ. ಕಾಗದದ ಮೇಲಿನ ಮಾತು ಯಾರಾದರೊಬ್ಬರ ಬಾಯಿಂದ ಹೊರಬಿದ್ದು ಕೋಣೆಯಲ್ಲಿ ಸುಳಿದಾಡುವತನಕ ಅದು ಮಾತೆಂದು ಅವಳಿಗೆ ನಂಬಿಕೆಯಾಗುವುದಿಲ್ಲ. ಹೀಗಾಗಿ, ಬೆಂಗೇರಿಯ ಹನಮೇಶ ತನ್ನ ಮೊದಲ ಸಿನೆಮಾಕ್ಕೆ ಚಿತ್ರಕಥೆ ಬರೆದುಕೊಡಿರೆಂದು ಮಾಳಮಡ್ಡಿಯ ಈ ಮನೆಯ ಪಡಸಾಲೆಯಲ್ಲಿ ಬಂದು ಕೂತ ದಿನದಿಂದ, ಮುಂಜಾನೆ ಚಹಾ ಆದಮೇಲೆ ಹೆಂಗಸರ ಮಾತು ಅವಳು, ಗಂಡಸರ ಮಾತು ವೆಂಕಣ್ಣ ಓದುವುದು ರೂಢಿಯಾಗಿಬಿಟ್ಟಿತ್ತು. ಪಂಢರಿನಾಥ ಹುಬ್ಬಳ್ಳಿಯ ಬಟ್ಟೆ ಅಂಗಡಿಯವನು. ಗಿರಾಕಿಗಳ ಎದುರು ಹೆಂಡತಿ ಜಯಾಳನ್ನು ಆಡಿಕೊಳ್ಳುವವನು, ಅವಳು ಬಾಯಿ ತೆರೆಯುವುದರೊಳಗೆ ಅವಳ ಮಾತನ್ನು ತಾನೇ ಮುಗಿಸುವವನು. ವೆಂಕಣ್ಣನಿಗೆ ಈ ಪಾತ್ರ ಓದುವುದೆಂದರೆ ಬಲು ಖುಷಿ. ನಡುನಡುವೆ "ಥೂ ಇವನ!" ಎಂದು ಬೈಯುತ್ತ, ಅಂಗಡಿಕಾರರ ಒರಟುತನವನ್ನು ಗಂಟಲಲ್ಲಿ ತಂದುಕೊಂಡು ಓದುತ್ತಿದ್ದ. ಒಮ್ಮೆ ಹೀಗೇ ಜಯಾಳ ಮಾತು ಕಡಿಯುವ ಜಾಗ ಬಂದಾಗ, ಸುಲಭಾ ಓದುತ್ತಿದ್ದ ಸಾಲು ಅರ್ಧಕ್ಕಿರುವಾಗಲೇ ತನ್ನ ಸಾಲು ಎತ್ತಿಕೊಂಡು, "ಹೆಂಗ? ಟೈಮಿಂಗ್ ಬರೋಬ್ಬರಿ ಬಂತಲ್ಲ?" ಎಂದು ಕೇಳಿದ್ದ. "ಬರೋಬ್ಬರಿ ಬಂತ್ರಿ," ಎಂದಿದ್ದಳು ಸುಲಭಾ.

ಮೇಜಿನ ಮೇಲಿನ ಫೋನು ಗುನುಗಿತು. ಹನಮೇಶ. ಸುಲಭಾಳಿಗೆ ಫೋನನ್ನು ಕಿವಿಗೆ ಹಿಡಿದರೆ ಕೈ ನೋಯುತ್ತದೆ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು. "ಅಕ್ಕಾರ, ಇವತ್ತ ಸಂಜಿಮುಂದ ರೊಕ್ಕಾ ಹಾಕೂ ಗುರುಶಿದ್ದಪ್ಪ ಸಾವಕಾರ್ರನ್ನ ಕರಕೊಂಡ ಬರಾಕತ್ತೇನ್ರಿ, ಕಥಿ ಕೇಳಾಕ. ಕ್ಲೈಮ್ಯಾಕ್ಸ್ ಆತೇನ್ರಿ? ಅವರದು ಅದ ಮಾತು ನೋಡ್ರಿ. ಆ ಪಂಢರಿನಾಥ ಕೊನೀಗೆ ಬದಲಾಗಬೇಕು. ತಪ್ಪು ಮಾಡಿದಾಂವ ನಾಕ ಮಂದ್ಯಾಗ ಒಪ್ಪಕೊಂಡು ಮನಶಾ ಆಗಬೇಕು, ಅಂದ್ರನ ಮಂದಿ ಸಮಾಧಾನಲೆ ಎದ್ದ ಹೋಗತಾರ. ಇಲ್ಲಂದ್ರ ಸಿನೆಮಾನ ಬ್ಯಾಡ ಅಂತಾರ್ರಿ." ಸುಲಭಾ ಹಾಳೆಯ ಅಂಚನ್ನು ಉಗುರಿನಿಂದ ನೇವರಿಸಿದಳು. "ಅವ ಬದಲಾಗೂದಿಲ್ಲಪಾ ಹನಮೇಶ." "ನಿಮ್ಮ ಕೈಯಾಗಿನ ಪಾತ್ರ ಅಲ್ಲೇನ್ರಿ ಅಕ್ಕಾರ? ನೀವ ಹೆಂಗ ಬರದ್ರ ಹಂಗ." "ಬರದ್ರ ಆಗೂದಿಲ್ಲ. ನಾ ಅವನ್ನ ಭಾಳ ವರ್ಷ ನೋಡೀನಿ." ಮಾತು ಮುಗಿಯಿತು. ಸುಲಭಾ ಎದ್ದು ಚಹಾದ ಕಪ್ಪು-ಬಸಿ ತೆಗೆದುಕೊಂಡು ಒಳಗೆ ಹೋದಳು.

ಭಾಳ ವರ್ಷ? ಪಂಢರಿನಾಥ ಹುಟ್ಟಿದ್ದೇ ಹೋದ ಮಳೆಗಾಲದಲ್ಲಿ. ವೆಂಕಣ್ಣ ಇದನ್ನು ಹೇಳಿ ಅವಳನ್ನು ಹಿಡಿದುಹಾಕಬೇಕೆಂದು ಬಾಯಿ ತೆರೆದ; ತೆರೆದದ್ದು ಹಾಗೇ ಉಳಿಯಿತು. ಬಲಗೈಯ ಹೆಬ್ಬೆರಳು ತಂತಾನೇ ತೋರುಬೆರಳನ್ನು ತಿಕ್ಕತೊಡಗಿತ್ತು, ಬೆರಳಿಗೆ ತುಪ್ಪ ಹತ್ತಿದವರಂತೆ. ತುಪ್ಪವೇ. ಸತ್ಯನಾರಾಯಣನ ಪ್ರಸಾದದ ತುಪ್ಪ. ಎಷ್ಟು ತೊಳೆದರೂ ಹೋಗದೆ ಸ್ಕೂಟರಿನ ಹಿಡಿಕೆ ಜಾರುತ್ತಿತ್ತು. ಕೆಲಗೇರಿಯಲ್ಲಿ ಮಾವಶಿ ರಾಜೇಶ್ವರಿಯ ಮನೆಯ ಪೂಜೆ ಮುಗಿಸಿ ಹೊರಟಿದ್ದರು. ಊಟದ ಪಂಕ್ತಿಯಲ್ಲಿ ಅವನೊಂದು ಕಥೆ ಹೇಳಿದ್ದ, ಸಂದರ್ಶನಕ್ಕೆ ಬಂದ ದೊಡ್ಡ ಮನುಷ್ಯನ ಬಾಯಿಯನ್ನು ತಾನು ಒಂದೇ ಮಾತಿನಲ್ಲಿ ಹೇಗೆ ಮುಚ್ಚಿಸಿದೆ ಎಂದು. ಎಲ್ಲರೂ ಎಲೆಯ ಮೇಲೆ ಕೈಯಿಟ್ಟುಕೊಂಡೇ ಕೇಳುತ್ತಿದ್ದಾಗ ಕೋಸಂಬರಿ ಬಡಿಸುತ್ತಿದ್ದ ಸುಲಭಾ, ಏನೂ ಕಪಟವಿಲ್ಲದೆ, "ಅಯ್ಯ, ಆ ಮಾತು ಅಂದಾವ್ರು ನಿಮ್ಮ ಸಾಹೇಬ್ರಲ್ಲೇನ್ರಿ? ನೀವು ಮನಿಗೆ ಬಂದು ಹೇಳಿದ್ರೆಲಾ," ಎಂದುಬಿಟ್ಟಿದ್ದಳು. ಪಂಕ್ತಿ ಪಂಕ್ತಿಯೇ ನಕ್ಕಿತ್ತು. ಆ ನಗುವನ್ನು ಮೈಮೇಲೆ ಹೊತ್ತುಕೊಂಡು ಅವನು ಸ್ಕೂಟರು ಓಡಿಸುತ್ತಿದ್ದರೆ ಹಿಂದೆ ಕೂತ ಅವಳು ಸಂಜೆಯ ರೇಡಿಯೋ ನಾಟಕದ ತನ್ನ ಮಾತನ್ನು ಬೇರೆ ಬೇರೆ ಧಾಟಿಯಲ್ಲಿ ಹೇಳಿಕೊಳ್ಳುತ್ತಿದ್ದಳು. ಕೆರೆ ಬಂತು. ಬ್ರೇಕು ಹಾಕಿದ. ಭಾಳ ಶಾಣ್ಯಾಕಿ ಇದ್ದಿ. ಕನ್ನಡಿಯಲ್ಲಿ ಅವಳ ಸೀರೆಯ ಬಣ್ಣ ಸಣ್ಣದಾಗುತ್ತ ಹೋಗಿ ತಿರುವಿನಲ್ಲಿ ಇಲ್ಲವಾಯಿತು.

ಅವನಿಗೆ ಎದೆ ಝಲ್ಲೆಂದಿತು. ಮಾಡಿದ್ದಕ್ಕಲ್ಲ, ಅದು ಮುಂದಿನ ಮಾತು. ಇಷ್ಟು ದಿನ ಅದು ಎಲ್ಲಿತ್ತು? ಯಾವ ಅರಸ ಯಾವ ಇಸವಿಯಲ್ಲಿ ಯಾರ ಮೇಲೆ ಏರಿಹೋದನೆಂದು ನಿದ್ದೆಗಣ್ಣಿನಲ್ಲೂ ಹೇಳಬಲ್ಲ ತಲೆ ಇದನ್ನು ಎಲ್ಲಿ ಇಟ್ಟುಕೊಂಡಿತ್ತು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ಈ ಮಹಾಶಯ ತಿಂಗಳುಗಟ್ಟಲೆ ಕಳ್ಳನ ಪಾತ್ರವನ್ನೇ ಗಟ್ಟಿಯಾಗಿ ಓದಿ, ಕಳ್ಳನಿಗೆ ಛೀಮಾರಿ ಹಾಕಿ, ಅಭಿನಯ ಹೇಗಿತ್ತೆಂದು ಬೇರೆ ಕೇಳಿದ್ದ. ಸುಲಭಾ ಎದುರಿಗೆ ಕೂತು ಕೇಳಿದ್ದಳು. ದಿನಾ ಮುಂಜಾನೆ, ಇವತ್ತಾದರೂ ಗೊತ್ತಾದೀತು, ಈ ಸೀನಿಗಾದರೂ ಗೊತ್ತಾದೀತು ಎಂದು ಮುಖ ನೋಡುತ್ತ ಕೂತಿರಬೇಕು. ರಾಕ್ಷಸತನ ಎಂದು ಅವನೇ ತೀರ್ಪು ಕೊಟ್ಟ. ಮೇಜಿನ ಮೇಲಿನ ಹಾಳೆ ಫ್ಯಾನಿನ ಗಾಳಿಗೆ ಒಮ್ಮೆ ಎದ್ದು ಮಲಗಿತು, ವೆಂಕಣ್ಣ ಬೆಚ್ಚಿ ಅದರ ಮೇಲೆ ಕೈಯಿಟ್ಟ.

ಇನ್ನು ಆ ನಗೆಚಾಟಿಕೆ. ಧಾರವಾಡದಲ್ಲಿ ವೆಂಕಣ್ಣನ ಹೆಸರು ಕೇಳಿದವರೆಲ್ಲ ಅದನ್ನು ಕೇಳಿದವರೇ. ಮುಂಜಿವೆ, ಮದುವೆ, ಬೀಗರ ಊಟ, ನಿವೃತ್ತಿಯ ಸನ್ಮಾನ, ಎಲ್ಲಿ ಹೋದರೂ "ಆ ರೇಡಿಯೋದ್ದು ಹೇಳ್ರಿ" ಎಂದು ಯಾರಾದರೂ ಅನ್ನುವವರೇ; ಅವನು ಒಲ್ಲೆ ಒಲ್ಲೆ ಎಂದು ಎರಡು ಸಲ ಅಂದು, ಮೂರನೆಯ ಸಲಕ್ಕೆ ಎಲೆಯಡಿಕೆ ಬಾಯಿಯ ಒಂದು ಕಡೆಗೆ ಸರಿಸಿ ಶುರುಮಾಡುವವನೇ. ಹಬ್ಬದ ವಿಶೇಷ ನಾಟಕ, ನೇರ ಪ್ರಸಾರ. ನಮ್ಮಾಕೀಗೆ ಸಿಕ್ಕದ್ದು ಒಂದ ಮಾತು, "ನಾ ಮನಿಗೆ ಹೋಗ್ತೀನಿ." ಎಂಟು ದಿವಸ ಉರು ಹೊಡದಾಳ, ಒಗ್ಗರಣೀಗೂ ಅದ, ಭಾಂಡಿ ತಿಕ್ಕಲಿಕ್ಕೂ ಅದ. ಅವತ್ತು ಹೊತ್ತು ಮಾಡಿ ಓಡಿಕೋತ ಬಂದಳು, ಮೈಕಿನ ಮುಂದ ನಿಂತಳು. ಹೀರೋ ಕೇಳಿದ, "ಈಗೇನು ಮಾಡ್ತಿ?" ಈಕಿ ಸುಮ್ಮ. ಮತ್ತೊಮ್ಮೆ ಕೇಳಿದ. ಸುಮ್ಮ. ಪಾಪ, ಅವ ಎಷ್ಟಂತ ಕೇಳ್ತಾನ? ಇಡೀ ಧಾರವಾಡ ರೇಡಿಯೋಕ್ಕ ಕಿವಿ ಹಚ್ಚಿ ಕೂತದ, ಈಕಿ ಮಾತ್ರ ಮನಿಗೆ ಹೋಗವಲ್ಲಳು! ಇಲ್ಲಿ ನಗು. ಯಾವತ್ತೂ ತಪ್ಪಿಲ್ಲ. ಸುಲಭಾ ಕೂಡ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ ನಗುವವಳಂತೆ ಮಾಡುತ್ತಿದ್ದಳು, ಅಥವಾ ಹಾಗೆಂದು ಅವನು ನೋಡದೆಯೇ ತಿಳಿದುಕೊಂಡಿದ್ದ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಆ ನಾಟಕದ ನಂತರ ಅವಳನ್ನು ಮೈಕಿನ ಮುಂದಕ್ಕೆ ಯಾರೂ ಕರೆಯಲಿಲ್ಲ. ಅವಳು ಬೇರೆಯವರ ಬಾಯಿಗೆ ಮಾತು ಬರೆಯತೊಡಗಿದಳು. ಅವನ ಮಾತನ್ನು ನಾಲ್ಕು ಮಂದಿಯಲ್ಲಿ ತಿದ್ದುವುದನ್ನು ಅವತ್ತಿಗೇ ಬಿಟ್ಟಳು. ಇದನ್ನೂ ವೆಂಕಣ್ಣ ಈಗ ಕಂಡುಕೊಂಡ, ಹೊತ್ತು ಮಾಡಿ ಬಂದಳು ಎಂಬ ತನ್ನ ಮಾತಿನ ಹಿಂದೆ ತಾನೇ ಓಡಿಸಿಕೊಂಡು ಹೋದ ಸ್ಕೂಟರನ್ನು ಕಂಡ ಹಾಗೆ.

ಸಂಜೆಯೊಳಗೆ ಏನಾದರೂ ಆಗಬೇಕು ಅನ್ನಿಸಿತು. ಸಂಜೆಗೆ ಕೊನೆಯ ಸೀನು ಆಗಬೇಕು. ಅದರಲ್ಲಿ ಪಂಢರಿನಾಥ ಬದಲಾಗುವುದಿಲ್ಲ ಎಂದು ಅವಳು ಬರೆದು ಮುಗಿಸಿದರೆ ಮುಗಿದೇಹೋಯಿತು, ಪರದೆಯ ಮೇಲೆ ಅವನು ಸಾಯುವತನಕ ಹಾಗೇ ಉಳಿಯುತ್ತಾನೆ. ಹನಮೇಶನಿಗೆ ಸಿನೆಮಾ ಬೇಕಿತ್ತು, ಗುರುಶಿದ್ದಪ್ಪನಿಗೆ ಸಮಾಧಾನ ಬೇಕಿತ್ತು, ವೆಂಕಣ್ಣನಿಗೆ ಬೇಕಾದದ್ದು ಇಷ್ಟೇ: ಅವಳ ಕೈಯಿಂದ "ಅವನು ಬದಲಾದ" ಎಂದು ಬರಬೇಕು. ಮಧ್ಯಾಹ್ನದ ಊಟವಾದ ಮೇಲೆ ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತ. ಸಂಜೆಯ ಗಿರಮಿಟ್ಟಿಗೆ ಸುಲಭಾ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. "ಸುಲಭಾ." "ಹೂಂ?" "ಆ ಸ್ಕೂಟರು..." ಚಾಕು ನಿಂತಿತು. ಅವಳು ತಿರುಗಲಿಲ್ಲ, ಆದರೆ ಅವಳ ಬೆನ್ನು ಕೇಳುತ್ತಿತ್ತು. ಕುತ್ತಿಗೆಯ ಹಿಂದೆ ಬೆಳ್ಳಗಾದ ಸಣ್ಣ ಕೂದಲು, ಬೆವರಿಗೆ ಅಂಟಿಕೊಂಡದ್ದು. ತಪ್ಪಾತು ಎಂಬ ಎರಡು ಕಾಸಿನ ಮಾತು. ಕಾಲೇಜಿನ ಜವಾನನಿಗೂ ಎಷ್ಟೋ ಸಲ ಸಲೀಸಾಗಿ ಹೇಳಿದ್ದು. "ಆ ಸ್ಕೂಟರು ಯಾವ ಬಣ್ಣದ್ದಿತ್ತು ನಮ್ಮದು?" ಎಂದು ಕೇಳಿದ. ತನ್ನ ಬಾಯಿಯಿಂದ ಬಂದದ್ದನ್ನು ಕೇಳಿ ಅವನಿಗೇ ದಿಗಿಲಾಯಿತು. ಚಾಕು ಮತ್ತೆ ಮಣೆಯ ಮೇಲೆ ಆಡತೊಡಗಿತು. "ಹಸರು. ನೀವ ಆರಿಸಿ ತಂದಿದ್ರಿ," ಎಂದಳು.

ಇಲ್ಲೇ ಹೊರಗೆ ಹೋಗಿ ಬರುತ್ತೇನೆಂದು ಹೇಳಿ ಆಟೋ ಹಿಡಿದು ಕೆಲಗೇರಿಗೆ ಹೋದ. ಹೋಗಿ ಏನು ಮಾಡುವುದೆಂದು ಗೊತ್ತಿರಲಿಲ್ಲ. ಆ ಜಾಗದಲ್ಲಿ ನಿಂತರೆ ಏನಾದರೂ ಆದೀತು, ಕಣ್ಣಲ್ಲಿ ನೀರಾದರೂ ಬಂದೀತು. ಜಾಗವೇ ಸಿಗಲಿಲ್ಲ. ದಂಡೆಯುದ್ದಕ್ಕೂ ಅಡ್ಡಾಡಲು ಹಾದಿ ಮಾಡಿದ್ದರು, ಕಬ್ಬಿಣದ ಬೇಲಿ ಬಂದಿತ್ತು, ಬೆಂಚಿನ ಮೇಲೆ ಇಬ್ಬರು ಹುಡುಗಿಯರು ಒಂದೇ ಫೋನಿನಲ್ಲಿ ಏನೋ ನೋಡುತ್ತಿದ್ದರು. ನೀರು ಮಾತ್ರ ಹಾಗೇ ಇತ್ತು, ಅಥವಾ ಅದೂ ಇರಲಿಲ್ಲವೋ. ಬೇಲಿ ಹಿಡಿದು ನಿಂತು ಸಣ್ಣ ದನಿಯಲ್ಲಿ ಹೇಳಿ ನೋಡಿದ. ಅವತ್ತು ಆಕಿ ಹೊತ್ತು ಮಾಡಿ ಬರಲಿಲ್ಲ. ನಾನು ಆಕೀನ್ನ ಇಲ್ಲೆ ಇಳಿಸಿ ಹೋಗಿದ್ದೆ. ಸಿಟ್ಟಿಗೆ. ಯಾಕಂದ್ರ ಆಕಿ ಖರೇ ಹೇಳಿದ್ದಳು. ಚೆನ್ನಾಗಿ ಬಂತು ಅನ್ನಿಸಿ ಇನ್ನೊಮ್ಮೆ ಹೇಳಿದ. ಎರಡನೆಯ ಸಲ "ಸಿಟ್ಟಿಗೆ" ಎಂದ ಮೇಲೆ ತುಸು ತಡೆದ. ಮೂರನೆಯ ಸಲ ಆ ತಡೆಯನ್ನು ಇನ್ನಷ್ಟು ಎಳೆದ. ಆಮೇಲೆ ಬೇಲಿಯಿಂದ ಕೈ ತೆಗೆದ, ಯಾಕೆಂದರೆ ಆ ತಡೆ ಅವನಿಗೆ ಗುರುತಿನದು. ಕೇಳುವವರು ನಗಲಿ ಎಂದು ಬಿಡುವ ಜಾಗ ಅದು.

ಮನೆಯ ತನಕ ನಡೆದೇ ಹೋಗುತ್ತೇನೆ ಎಂದುಕೊಂಡ. ರೇಡಿಯೋ ಸ್ಟೇಷನ್ನಿಗೆ ಅವಳು ನಡೆದದ್ದೂ ಇದೇ ಹಾದಿ, ಅಷ್ಟಾದರೂ ಸಲ್ಲಲಿ. ಏರು ಹತ್ತುವಾಗ ಮೊಣಕಾಲು ಚುಳುಚುಳು ಎನ್ನತೊಡಗಿತು, ಅಂಗಿ ಬೆನ್ನಿಗೆ ಅಂಟಿತು. ಅವಳು ಇಲ್ಲಿ ಓಡಿರಬೇಕು, ರೇಷ್ಮೆ ಸೀರೆಯನ್ನು ಮೇಲೆತ್ತಿ ಹಿಡಿದು, ಹಾದಿಯ ಮಂದಿಯೆಲ್ಲ ನೋಡುತ್ತಿರುವಾಗ. ಅರ್ಧ ಹಾದಿಯಲ್ಲಿ ಖಾಲಿ ಆಟೋ ಒಂದು ತಾನೇ ನಿಧಾನ ಮಾಡಿತು, ವೆಂಕಣ್ಣ ಹತ್ತಿ ಕೂತುಬಿಟ್ಟ. ಮಾಳಮಡ್ಡಿಯ ತಿರುವಿನಲ್ಲೇ ಇಳಿದು, ಮನೆಗೆ ನಡೆದು ಬಂದವನ ಹಾಗೆ ಏದುಸಿರು ಬಿಡುತ್ತ ಬಂದ. ಸುಲಭಾ ಪಡಸಾಲೆಯ ಮೇಜಿನಲ್ಲಿ ಕೂತು, ಬರೆದು ಮುಗಿಸಿದ ಹಾಳೆಗಳನ್ನು ಸರಿಮಾಡಿ ಮೇಲೊಂದು ಹಿತ್ತಾಳೆಯ ಬಟ್ಟಲು ಇಡುತ್ತಿದ್ದಳು. "ಆಟೋ ಬಾಗಲತನಕಾ ಬರಲಿಲ್ಲೇನು? ತಿರುವಿನಾಗ ನಿಂತದ್ದು ಕಿಡಕ್ಯಾಗಿಂದ ಕಾಣಿಸ್ತು," ಎಂದಳು. ಅವನು ಕಾಲು ತೊಳೆಯಲು ಹೋದ. ನೀರು ಸುರುವಿಕೊಳ್ಳುತ್ತ, ಕೊನೆಯ ಸೀನು ಆಯಿತೇನು, ಏನಾಯಿತು ಎಂದು ಕೇಳಲು ಧೈರ್ಯ ಸಾಲಲಿಲ್ಲ.

ಸಂಜೆ ಹನಮೇಶ ಬಂದ. ಹಿಂದೆಯೇ ಗುರುಶಿದ್ದಪ್ಪ, ಒಣಮೆಣಸಿನಕಾಯಿ ವ್ಯಾಪಾರದ ದೊಡ್ಡ ಕುಳ, ಮೈಯಿಂದ ಸಣ್ಣಗೆ ಘಾಟು ಹೊಡೆಯುವ ಬಿಳಿ ಅಂಗಿ. ಕೂತು, ಗಿರಮಿಟ್ಟಿನ ಬಸಿ ತೊಡೆಯ ಮೇಲಿಟ್ಟುಕೊಂಡು, ಮಿರ್ಚಿ ಕಡಿದು, ಕಥೆಯ ಮಾತು ಇನ್ನೂ ಬಾಗಿಲಾಚೆ ಇರುವಾಗಲೇ ಗುರುಶಿದ್ದಪ್ಪ ವೆಂಕಣ್ಣನ ಕಡೆ ತಿರುಗಿದ. "ಮಾಸ್ತರ, ಮೊದಲ ಆ ರೇಡಿಯೋದ್ದು ಒಂದು ಆಗಲಿ ನೋಡ್ರಿ. ನಮ್ಮ ಮಗಳ ಮದುವ್ಯಾಗ ಹೇಳಿದ್ರಿ, ನಮ್ಮ ಮನ್ಯಾಗ ದೇವಕ್ಕ ಇನ್ನಾ ನೆನಸಿ ನೆನಸಿ ನಗತಾಳ. ಹನಮೇಶ ಕೇಳಿಲ್ಲಂತ." ವೆಂಕಣ್ಣ ಸುಲಭಾಳನ್ನು ನೋಡಿದ. ಅವಳು ಚಹಾ ಸೋಸುತ್ತಿದ್ದಳು. ಮುಖ ಏಳಲಿಲ್ಲ. ಇದೇ ಹೊತ್ತು ಅನ್ನಿಸಿತು ಅವನಿಗೆ. ನಾಕು ಮಂದಿಯಲ್ಲಿ ಒಪ್ಪಿಕೊಳ್ಳಬೇಕು ಎಂದಿದ್ದನಲ್ಲ ಹನಮೇಶ, ಮಂದಿ ಬಂದು ಕೂತಿದೆ. ಒಲ್ಲೆ ಎನ್ನಲಿಲ್ಲ. ಶುರುಮಾಡಿದ.

ಹಬ್ಬದ ನಾಟಕ, ಒಂದೇ ಮಾತು, ಒಗ್ಗರಣೆ, ಭಾಂಡಿ. ಗುರುಶಿದ್ದಪ್ಪನ ಹೊಟ್ಟೆ ಆಗಲೇ ಕುಲುಕತೊಡಗಿತ್ತು. "ಆದರ ಆಕಿ ಹೊತ್ತು ಮಾಡಿ ಬರಲಿಲ್ರಿ," ಎಂದ ವೆಂಕಣ್ಣ. "ನಾನ ಆಕೀನ್ನ ಕೆಲಗೇರಿ ಕೆರೀ ದಂಡಿಗೆ ಸ್ಕೂಟರಿನಿಂದ ಇಳಿಸಿ ಹೋಗಿದ್ದೆ. ಸಿಟ್ಟಿಗೆ." ಅಲ್ಲಿ ತಡೆಯಿತು, ಅವನು ತಡೆಯಬೇಕೆಂದು ತಡೆದದ್ದಲ್ಲ, ನಾಲಗೆಗೆ ಹಾದಿ ಗೊತ್ತಿತ್ತು. "ಯಾಕಂದ್ರ ಆಕಿ ಖರೇ ಹೇಳಿದ್ದಳು!" ಗುರುಶಿದ್ದಪ್ಪ ತೊಡೆ ಬಡಿದುಕೊಂಡು ಹೋ ಎಂದು ನಕ್ಕ. ಗಿರಮಿಟ್ಟಿನ ಚುರುಮುರಿ ಅಂಗಿಯ ಮೇಲೆ ಉದುರಿತು. "ಭೇಷ್ ಮಾಸ್ತರ! ಸ್ಕೂಟರ ಹೊಸಾದು ಸೇರಿಸೀರಿ, ಮದುವ್ಯಾಗ ಇರಲಿಲ್ಲ ಇದು!" "ಇಲ್ರಿ, ಇದು ಖರೇ ರೀ," ಎಂದ ವೆಂಕಣ್ಣ, ಗಾಬರಿಯಾಗಿ. ಆ ಗಾಬರಿಯ ಮುಖ ನೋಡಿ ಹನಮೇಶನೂ ತಡೆಯಲಾರದೆ ನಕ್ಕ. "ಖರೇನಂತ!" ಎಂದು ಗುರುಶಿದ್ದಪ್ಪ ಕಣ್ಣೊರೆಸಿಕೊಂಡ. ನಗು ಕೋಣೆಯ ತುಂಬ ತುಂಬಿತು, ಬೆಚ್ಚಗೆ, ಹಳೆಯ ಗೆಳೆಯರ ಹಾಗೆ ಹೆಗಲ ಮೇಲೆ ಕೈ ಹಾಕಿತು. ಮತ್ತು ವೆಂಕಣ್ಣ, ಏನಾಗುತ್ತಿದೆಯೆಂದು ತಿಳಿಯುವ ಮೊದಲೇ, ತಾನೂ ನಗುತ್ತಿದ್ದ. "ಈಕಿ ಮಾತ್ರ ಮನಿಗೆ ಹೋಗವಲ್ಲಳು" ಎಂಬುದನ್ನೂ ಹೇಳಿಯೇ ಮುಗಿಸಿದ. ಮುಗಿಸಿದ ಮೇಲೆ ತನ್ನ ನಗುವಿನ ಸದ್ದು ಒಂದು ಗಳಿಗೆ ಹಿಂದುಳಿದು ಅವನ ಕಿವಿಗೆ ಬಿತ್ತು. ಸುಲಭಾ ಎಲ್ಲರ ಮುಂದೆ ಚಹಾ ಇಟ್ಟಳು.

"ಓದೂಣ್ರಿ?" ಎಂದು ಅವಳು ಬಟ್ಟಲು ಸರಿಸಿ ಹಾಳೆಗಳನ್ನು ಹಂಚಿದಳು. ಹಿಂದಿನ ಕಥೆಯೆಲ್ಲ ಗುರುಶಿದ್ದಪ್ಪನಿಗೆ ಹನಮೇಶ ಮೊದಲೇ ಹೇಳಿದ್ದ. ಇವತ್ತು ಕೇಳಬೇಕಾದದ್ದು ಕೊನೆಯ ಸೀನು ಒಂದೇ. ಪಂಢರಿನಾಥನ ಮಾತು ಎಂದಿನಂತೆ ವೆಂಕಣ್ಣನ ಪಾಲಿಗೆ ಬಂತು. ಮದುವೆಮನೆ, ಊಟವಾದ ಮೇಲಿನ ಹೊತ್ತು, ಜಮಖಾನೆಯ ಮೇಲೆ ಮಂದಿ. ಯಾರೋ ಒಬ್ಬರು ಪಂಢರಿನಾಥನಿಗೆ, ಹೆಂಡತಿಯ ನಾಟಕದ ಕಥೆ ಹೇಳು ಎನ್ನುತ್ತಾರೆ. ವೆಂಕಣ್ಣನ ದನಿ ಎರಡನೆಯ ಸಾಲಿಗೇ ಒಡೆಯಿತು. ಒಂದೇ ಮಾತು, ಒಗ್ಗರಣೆ, ಭಾಂಡಿ, ಎಲ್ಲ ಅವನದೇ ಶಬ್ದ. ಕೆಳಗೆ ಹುಬ್ಬಳ್ಳಿಯ ಉಣಕಲ್ಲ ಕೆರೆ ಎಂದು ಬರೆದದ್ದನ್ನು ಹೊಡೆದುಹಾಕಿ ಕೆಲಗೇರಿ ಎಂದು ಮಾಡಿತ್ತು. "ನಾನ ಆಕೀನ್ನ ಸ್ಕೂಟರಿನಿಂದ ಇಳಿಸಿ ಹೋಗಿದ್ದೆ," ಎಂದು ಓದಿದ. ಕಣ್ಣು ಮುಂದಿನ ಸಾಲಿಗೆ ಹೋಯಿತು, ಬಾಯಿ ಹಿಂದೆಯೇ ಉಳಿಯಿತು. "ಓದ್ರಿ," ಎಂದಳು ಸುಲಭಾ. ಅವನು ಓದಿದ. ಎಲ್ಲರೂ ನಗುತ್ತಾರೆ. ಪಂಢರಿನಾಥ, ಇದು ಖರೇ ರೀ, ಎನ್ನುತ್ತಾನೆ. ನಗು ಇನ್ನೂ ಜೋರಾಗುತ್ತದೆ. ಕೊನೆಗೆ ಅವನೂ ನಗುತ್ತಾನೆ.

"ಅರೆ!" ಎಂದ ಗುರುಶಿದ್ದಪ್ಪ. "ಈಗ ಮಾಸ್ತರ ಹೇಳಿದ್ದನ್ನ ಇಷ್ಟ ಲಗೂ ಬರದ್ರೇನ್ರಿ ಅಕ್ಕಾರ?" "ಇಲ್ರಿ. ಮಧ್ಯಾಹ್ನ ಬರದದ್ದು," ಎಂದಳು ಸುಲಭಾ. ಗುರುಶಿದ್ದಪ್ಪ ಏನೋ ಅನ್ನಲು ಹೋದವನು ಅವಳ ಮುಖ ನೋಡಿ, ಆಮೇಲೆ ವೆಂಕಣ್ಣನ ಮುಖ ನೋಡಿ, ಬಸಿಯನ್ನು ಮೆಲ್ಲಗೆ ಕೆಳಗಿಟ್ಟ. ಮಧ್ಯಾಹ್ನ. ವೆಂಕಣ್ಣ ಕೆರೆಯ ಬೇಲಿ ಹಿಡಿದು, ಜೀವಮಾನದಲ್ಲಿ ಮೊದಲ ಸಲ ಬೇರೆ ಮನುಷ್ಯನಾಗಲು ಹೆಣಗುತ್ತಿದ್ದಾಗ, ಅವಳು ಇಲ್ಲಿ ಕೂತು ಅವನು ಎಲ್ಲಿಯ ತನಕ ಹೋಗಬಲ್ಲ, ಎಲ್ಲಿ ತಿರುಗಿ ಬರುತ್ತಾನೆ ಎಂಬುದನ್ನು ಬರೆದು ಇಟ್ಟಿದ್ದಳು. ಅವನ ಪಶ್ಚಾತ್ತಾಪದ ತಡೆ ಕೂಡ ಹಾಳೆಯಲ್ಲಿತ್ತು. "ಸಿಟ್ಟಿಗೆ" ಎಂಬುದರ ಮುಂದೆ ಮೂರು ಚುಕ್ಕೆ. ನಾಚಿಕೆಯೂ ಅಲ್ಲ ಅದು, ಸಿಟ್ಟೂ ಅಲ್ಲ. ಕತ್ತಲ ಕೋಣೆಯಲ್ಲಿ ಒಬ್ಬನೇ ಇದ್ದೇನೆಂದು ಇಷ್ಟು ವರ್ಷ ಬರಿಮೈಯಲ್ಲಿ ಅಡ್ಡಾಡಿದವನಿಗೆ ಮೂಲೆಯಲ್ಲಿ ಯಾರೋ ಕೆಮ್ಮಿದ್ದು ಕೇಳಿಸಿದರೆ ಹೇಗಾದೀತೋ ಹಾಗಾಯಿತು.

ಹಾಳೆ ತಿರುವಿದ. ಮುಂದಿನದರಲ್ಲಿ ಮೇಲಿನಿಂದ ಕೆಳಗಿನ ತನಕ ಜಯಾಳದೇ ಮಾತು. "ನಿಮಗ ಇಲ್ಲೆ ಇಲ್ಲ. ಕೇಳ್ರಿ," ಎಂದು ಸುಲಭಾ ಓದತೊಡಗಿದಳು. ಪಾತ್ರದ ದನಿ ಎತ್ತಿಕೊಳ್ಳದೆ, ಅಡುಗೆಮನೆಯ ತನ್ನ ದನಿಯಲ್ಲೇ. "ಕಥಿ ಅರ್ಧ ಹೇಳಿದ್ರಿ. ಉಳದದ್ದು ನಿಮಗ ಗೊತ್ತಿಲ್ಲ, ಯಾಕಂದ್ರ ನೀವು ಅಲ್ಲಿರಲಿಲ್ಲ. ನೀವು ಹೋದಮ್ಯಾಲೆ ನಾ ನಡೀಲಿಲ್ಲ. ಅಲ್ಲೇ ನಿಂತೆ, ತಿರುಗಿ ಬರ್ತಾರ ಅಂತ. ಒಂದು ಬಸ್ಸು ಬಂತು. ನಾ ಕೈ ಮಾಡಿರಲಿಲ್ಲ, ತಾನ ನಿಂತ್ತು. ಕಂಡಕ್ಟರ್ ಕೇಳಿದ, ಎಲ್ಲಿಗ್ರಿ ಬಾಯಾರ? ಹಾದಿ ತುಂಬ ಉರು ಹೊಡದಿದ್ನೆಲಾ, ನಾ ಮನಿಗೆ ಹೋಗ್ತೀನಿ, ನಾ ಮನಿಗೆ ಹೋಗ್ತೀನಿ, ಅದ ಮಾತು ಬಾಯಿಗೆ ಬಂತು. ಯಾವ ಮನಿ ಅಂತ ತಿಳೀಲಿಲ್ಲ. ತವರಮನಿಗೆ ಹೋಗಿ ಏನಂತ ಹೇಳಲಿ? ನಿಮ್ಮ ಮನಿಗೆ ಅನ್ಲಿಕ್ಕೆ ನಾಲಗಿ ಹೊಳ್ಳಲಿಲ್ಲ. ಅವ ಎರಡು ಸಲ ಕೇಳಿದ, ಪಾಪ. ಬಸ್ಸು ಹೋತು. ಆಮ್ಯಾಲೆ ನಡದೆ, ಓಡಿದೆ. ಮೈಕಿನ ಮುಂದ ನಿಂತಾಗ ಅವ ಕೇಳಿದ, ಈಗೇನು ಮಾಡ್ತಿ? ನಾ ಮರತಿರಲಿಲ್ರಿ. ಒಂದ ಮಾತು, ಅದನ್ನ ಯಾರು ಮರೀತಾರ? ಅವತ್ತಿನ ದಿವಸ ಆ ಮಾತು ನನಗ ಹೇಳ್ಲಿಕ್ಕೆ ಆಗಲಿಲ್ಲ. ಅದನ್ನ ನೀವು ಮೂವತ್ತೈದು ವರ್ಷ ನಗಸ್ಲಿಕ್ಕೆ ಹೇಳಿದ್ರಿ, ನಾ ಚಹಾ ಕೊಟ್ಟೆ."

ಹೊರಗೆ ಯಾರದೋ ಮೋಟಾರ್ ಸೈಕಲ್ಲು ಹೋಯಿತು. ಹನಮೇಶ ಕೈಯೊಳಗಿನ ಫೋನನ್ನು ಮಗುಚಿ ಇಟ್ಟ. ಗುರುಶಿದ್ದಪ್ಪ ಮುಂದಕ್ಕೆ ಬಾಗಿದ. "ಮುಂದ?" ಎಂದ. "ಇವ ಏನಂತಾನ್ರಿ? ಬದಲಾಗತಾನೋ ಇಲ್ಲೋ?" ವೆಂಕಣ್ಣ ಹಾಳೆ ತಿರುವಿದ. ಕೊನೆಯ ಹಾಳೆ. ಮೇಲೆ "ಪಂಢರಿನಾಥ:" ಎಂದಿತ್ತು. ಮುಂದೆ ಏನೂ ಇರಲಿಲ್ಲ, ಬಿಳಿ ಕಾಗದ. "ಅದಷ್ಟು ಬರೀಲಿಕ್ಕೆ ಆಗಲಿಲ್ರಿ," ಎಂದಳು ಸುಲಭಾ, ಗುರುಶಿದ್ದಪ್ಪನ ಕಡೆ ನೋಡಿ. "ಅಲ್ಲೀತನಕ ಎಲ್ಲಾ ಕಿವಿಗೆ ಬಂತು. ಇದನ್ನ ಕೇಳಿದ ಮ್ಯಾಲೆ ಅವ ಏನಂತಾನ ಅನ್ನೂದು ಕೇಳಿಸಲೇ ಇಲ್ಲ. ಇದನ್ನ ಅವಗ ಯಾರೂ ಯಾವತ್ತೂ ಹೇಳಿರಲಿಲ್ಲಲ್ಲ. ಹೇಳಲಿ, ಬರಕೋತೀನಿ." ಪೆನ್ನಿನ ಟೊಪ್ಪಿಗೆ ತೆಗೆದು ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು.

ಮೂವರೂ ಅವನ ಕಡೆ ನೋಡಿದರು. ವೆಂಕಣ್ಣ ಬಾಯಿ ತೆರೆದ. ಮೊದಲು ಬಂದದ್ದು ಒಂದು ನಗೆಮಾತು, ಒಳ್ಳೆಯದೇ, ಗುರುಶಿದ್ದಪ್ಪ ಖಂಡಿತ ನಗುತ್ತಿದ್ದ, ಎಲ್ಲರೂ ಬದುಕಿಕೊಳ್ಳುತ್ತಿದ್ದರು. ನುಂಗಿದ. ಅದರ ಬೆನ್ನಿಗೆ ತಪ್ಪಾತು ಎಂಬುದು ಬಂತು, ಮಧ್ಯಾಹ್ನ ಕೆರೆಯ ದಂಡೆಯಲ್ಲಿ ತೀಡಿಟ್ಟ ಧಾಟಿಯಲ್ಲೇ, ಎಲ್ಲಿ ತಡೆಯಬೇಕೆಂಬುದನ್ನೂ ಸಂಗಡ ಕರೆದುಕೊಂಡು. ಅದನ್ನೂ ನುಂಗಿದ. ಅದರ ಕೆಳಗೆ ಬೇರೆ ಏನಾದರೂ ಇರಬೇಕೆಂದು ತಡಕಾಡಿದ; ಬಸ್ಸು ನಿಂತಿತ್ತು, ಕಂಡಕ್ಟರು ಕೇಳುತ್ತಿದ್ದ, ಎಲ್ಲಿಗ್ರಿ. ಗೋಡೆಯ ಗಡಿಯಾರ ಕೇಳಿಸಿತು. ಆರಿದ ಚಹಾದ ಮೇಲೆ ಕೆನೆ ಕಟ್ಟಿತ್ತು. ಸುಮ್ಮನಿರುವುದು ಇಷ್ಟು ಉದ್ದ ಇರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ರೇಡಿಯೋದಲ್ಲಿ ಅವತ್ತು ಇದು ಎಷ್ಟು ಹೊತ್ತು ನಡೆದಿತ್ತೋ, ಅವಳು ಅದರ ನಡುವೆ ಒಬ್ಬಳೇ ಹೇಗೆ ನಿಂತಿದ್ದಳೋ. "ಮಾಸ್ತರ?" ಎಂದ ಗುರುಶಿದ್ದಪ್ಪ ಮೆಲ್ಲಗೆ. ಸುಲಭಾ ಕೈ ಎತ್ತಿ ಅವನನ್ನು ತಡೆದಳು. ಆಮೇಲೆ ಬಗ್ಗಿ ಹಾಳೆಯ ಮೇಲೆ ಏನೋ ಬರೆದಳು. ವೆಂಕಣ್ಣ ಮೇಜಿನ ಈಚೆಯಿಂದ, ತಲೆಕೆಳಗಾದ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದ. ಪಂಢರಿನಾಥ ಏನೂ ಹೇಳುವುದಿಲ್ಲ, ಎಂದಿತ್ತು. ಅದರ ಮುಂದೆ ಅವಳು ಇನ್ನೂ ಪೂರ್ಣವಿರಾಮದ ಚುಕ್ಕೆ ಇಟ್ಟಿರಲಿಲ್ಲ. ಪೆನ್ನನ್ನು ಅಲ್ಲೇ ಹಿಡಿದುಕೊಂಡು ಅವನ ಮುಖ ನೋಡುತ್ತಿದ್ದಳು.